ಜಾರಿಸಿದ್ದು ಯಾವ ಪಾಚಿ?

ಬರುವ ಆಷಾಢಕ್ಕೆ ಮೂರು ವರ್ಷ ತುಂಬುತ್ತದೆ. ಬೆಳಿಗ್ಗೆ ಸ್ನಾನ ಮುಗಿಸಿ, ತುಳಸಿಗೆ ನೀರು ಹಾಕಲು ಚೊಂಬು ಹಿಡಿದು ಹಿತ್ತಲಿಗೆ ಹೋಗಿದ್ದೆ. ನೀರಿನ ತೊಟ್ಟಿಯ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಕಾಲಿಟ್ಟದ್ದಷ್ಟೇ ನೆನಪು. ಚೊಂಬು ಒಂದು ದಿಕ್ಕಿಗೆ, ನಾನು ಒಂದು ದಿಕ್ಕಿಗೆ. ಬಲಗೈ ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರ್. ನೋಡಲು ಬಂದವರೆಲ್ಲ "ಸೊಂಟ ಮುರೀಲಿಲ್ಲವಲ್ಲ, ನಿಮ್ಮ ಪುಣ್ಯ" ಅಂದರು. ಪುಣ್ಯ ಹೌದು. ಆದರೆ ಎಡಗೈಯಲ್ಲಿ ರೊಟ್ಟಿ ಬಡಿಯಲು ಬರುವುದಿಲ್ಲ, ಜಡೆ ಹಾಕಿಕೊಳ್ಳಲೂ ಬರುವುದಿಲ್ಲ. ಆರು ವಾರ ಸೊಸೆಯ ಕೈಯಲ್ಲಿ ಚಿಕ್ಕ ಹುಡುಗಿಯ ಹಾಗೆ ತಲೆ ಬಾಚಿಸಿಕೊಂಡೆ.

ಮಗನಿಗೆ ವಿಪರೀತ ಸಿಟ್ಟು ಬಂತು. ನನ್ನ ಮೇಲಲ್ಲ, ಪಾಚಿಯ ಮೇಲೆ. ಆ ಭಾನುವಾರ ಆ್ಯಸಿಡ್ ಬಾಟಲಿ, ತಂತಿ ಬ್ರಷ್ಷು, ಹಳೇ ಚಾಕು ತಗೊಂಡು ಹಿತ್ತಲಿಗಿಳಿದ. ಚಪ್ಪಡಿ ಕಲ್ಲು ತಿಕ್ಕಿದ, ತೊಟ್ಟಿಯ ಅಂಚು ತಿಕ್ಕಿದ. ಅಲ್ಲಿಗೇ ನಿಲ್ಲದೆ ಕಾಂಪೌಂಡ್ ಗೋಡೆ, ಹೂಕುಂಡಗಳ ಹೊರಮೈ, ಕರಿಬೇವಿನ ಬುಡದ ಇಟ್ಟಿಗೆ ಸಾಲು, ಎಲ್ಲೆಲ್ಲಿ ಹಸಿರು ಕಂಡಿತೋ ಅಲ್ಲೆಲ್ಲ ಕೆರೆದು ಹಾಕಿದ. ಸಂಜೆಯ ಹೊತ್ತಿಗೆ ಹಿತ್ತಲು ಹೊಸದಾಗಿ ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ ಕಾಣುತ್ತಿತ್ತು. ಕೊನೆಗೆ ತುಳಸಿಯ ಕುಂಡವನ್ನೂ ಎತ್ತಿಕೊಂಡು ಬಂದು ಮುಂಬಾಗಿಲ ಹತ್ತಿರ ಇಟ್ಟು, "ಇನ್ನು ಮೇಲೆ ನೀನು ಹಿತ್ತಲಿಗೆ ಹೋಗೋದು ಬೇಡಮ್ಮ" ಅಂದ.

ಸತ್ಯ ಹೇಳುತ್ತೇನೆ, ಕೈ ಮುರಿದದ್ದಕ್ಕಿಂತ ಆ ಮಾತು ನೋಯಿಸಿತು. ದಾವಣಗೆರೆಯ ಹಳೇ ಬಡಾವಣೆಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗಿನಿಂದ ಹಿತ್ತಲು ನನ್ನದು. ಒಳಗೆ ಅಡುಗೆಮನೆ ಈಗ ಸೊಸೆಯದು, ಹಾಲ್ ಟಿ.ವಿ.ಯದು. ನನ್ನದು ಅಂತ ಉಳಿದದ್ದು ಅದೊಂದು ಇಪ್ಪತ್ತು ಅಡಿ ಅಗಲದ ಜಾಗ. ಕಿಟಕಿಯಿಂದ ಅದನ್ನು ನೋಡುತ್ತ ಕೂರುವುದೆಂದರೆ ಏನೆಂದು ನನ್ನ ವಯಸ್ಸಿನವರಿಗೆ ವಿವರಿಸಬೇಕಿಲ್ಲ.

ಆಗ ಐದನೇ ತರಗತಿಯಲ್ಲಿದ್ದ ಮೊಮ್ಮಗಳು ನನ್ನ ಪ್ಲಾಸ್ಟರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಚಿಟ್ಟೆ ಬರೆಯುತ್ತ ಕೇಳಿದಳು: "ಅಜ್ಜೀ, ಅಪ್ಪ ಗೋಡೆ ಮೇಲಿಂದೂ ಯಾಕೆ ಕೆರೆದು ಹಾಕಿದ್ರು? ನೀನೇನು ಗೋಡೆ ಮೇಲೆ ನಡೀತಿದ್ಯಾ?"

ನಗು ಬಂತು. ಆಮೇಲೆ ನಗು ನಿಂತು ಯೋಚನೆ ಬಂತು. ನಾನು ಬಿದ್ದದ್ದು ಕಲ್ಲಿನ ಮೇಲೆ. ಶಿಕ್ಷೆಯಾದದ್ದು ಗೋಡೆಗೆ. ಎರಡರ ಮೇಲೂ ಇದ್ದದ್ದು ಒಂದೇನಾ?

ಅಂದು ರಾತ್ರಿ ನನ್ನ ಅವ್ವನ ಮಾತು ನೆನಪಾಯಿತು. ನನ್ನ ತವರು ಹರಿಹರ. ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಮನೆ, ಮನೆಯ ಹಿಂದೆ ಇಟ್ಟಿಗೆ ಗಾರೆಯ ಬಾವಿಕಟ್ಟೆ. ಶ್ರಾವಣದ ಹೊತ್ತಿಗೆ ಆ ಕಟ್ಟೆಯ ಹೊರಮೈ ಪೂರ್ತಿ ಹಸಿರು ಮಖಮಲ್ಲು ಹೊದ್ದುಕೊಳ್ಳುತ್ತಿತ್ತು. ಶಾಲೆಯಿಂದ ಬಂದು ಅದರ ಮೇಲೆ ಅಂಗೈ ಆಡಿಸುವುದು ನಮಗೊಂದು ಆಟ. ಅವ್ವ ನೀರು ಸೇದುತ್ತ ಎಚ್ಚರಿಸುತ್ತಿದ್ದಳು: "ಮೆತ್ತಗಿರೋದನ್ನ ಮುಟ್ಟು, ಮಿಂಚೋದನ್ನ ತುಳೀಬೇಡ." ಬಾವಿಯ ಸುತ್ತ ನೀರು ಚೆಲ್ಲಿದ ಕಲ್ಲುಗಳ ಮೇಲೆ ಮಿಂಚುವ, ಎಣ್ಣೆ ಸವರಿದಂಥ ಹಸಿರು ಬೇರೆ, ಕಟ್ಟೆಯ ಮೇಲಿನ ಮೆತ್ತನೆಯ ಹಸಿರು ಬೇರೆ ಎಂದು ಶಾಲೆಯ ಮೆಟ್ಟಿಲು ಹತ್ತದ ನನ್ನ ಅವ್ವನಿಗೆ ಗೊತ್ತಿತ್ತು. ಮೆಟ್ರಿಕ್ ಪಾಸಾದ ನಾನು ಮರೆತು ಮಣಿಕಟ್ಟು ಮುರಿದುಕೊಂಡೆ.

ಪ್ಲಾಸ್ಟರ್ ಬಿಚ್ಚಿಸಿದ ಮೇಲೆ, ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರನ್ನು ಮೊಮ್ಮಗಳು ಹೋಗಿ ಕರೆದುಕೊಂಡೇ ಬಂದಳು. ಅವರು ಕೊರಳಿಗೆ ದಾರ ಕಟ್ಟಿದ ಪುಟ್ಟ ಭೂತಗನ್ನಡಿ ಹಾಕಿಕೊಂಡು ಬಂದರು. ಕೆರೆದು ಬೋಳಾದ ಹಿತ್ತಲನ್ನು ನೋಡಿ ಏನೂ ಅನ್ನಲಿಲ್ಲ, ಒಮ್ಮೆ ಕೆಮ್ಮಿದರು ಅಷ್ಟೆ. ಆಮೇಲೆ ತೊಟ್ಟಿಯ ಹಿಂಬದಿಗೆ ಬಗ್ಗಿ, "ಇಲ್ಲೊಂದಿಷ್ಟು ತಪ್ಪಿಸಿಕೊಂಡಿದೆ ನೋಡಿ" ಎಂದು ಕರೆದರು. ಮಗನ ಬ್ರಷ್ಷು ಸೇರದ ಸಂದಿಯಲ್ಲಿ ಅಂಗೈಯಗಲ ಹಸಿರು ಉಳಿದಿತ್ತು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ. ನಾವು "ಪಾಚಿ" ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಮೂರು ನಾಲ್ಕು ಬೇರೆ ಬೇರೆ ಜೀವಗಳಿವೆ. ಕಲ್ಲಿನ ಮೇಲೆ ಲೋಳೆಯಾಗಿ ಹರಡಿ ಮಿಂಚುವುದು ನಿಜವಾದ ಪಾಚಿ. ಅದಕ್ಕೆ ಕಾಂಡವಿಲ್ಲ, ಎಲೆಯಿಲ್ಲ. ಮೈಯಿಂದ ಅಂಟು ಸುರಿಸುತ್ತದೆ, ಆ ಅಂಟೇ ನಮ್ಮನ್ನು ಜಾರಿಸುವುದು. ಮಳೆ ಬಿದ್ದ ಮಾರನೆ ದಿನ ಮಣ್ಣಿನ ಮೇಲೆ ಹಸಿರು ಕಪ್ಪಿನ ಜೆಲ್ಲಿಯಂಥ ಮುದ್ದೆಗಳು ಕಾಣುತ್ತವಲ್ಲ, ಒಣಗಿದರೆ ಕರಿ ಹಪ್ಪಳದ ಚೂರಿನ ಹಾಗೆ ಆಗುತ್ತವಲ್ಲ, ಅವು ನಾಸ್ಟಾಕ್ ಎಂಬ ನೀಲಿ ಹಸಿರು ಪಾಚಿ. ಅದನ್ನೂ ತುಳಿಯಬಾರದು, ಆದರೆ ಬೈಯಲೂ ಬಾರದು. ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುವ ಬಳಗ ಅದು. ಭದ್ರಾ ನಾಲೆಯ ನೀರಲ್ಲಿ ಭತ್ತ ಬೆಳೆಯುವ ನಮ್ಮ ಕಡೆಯ ಗದ್ದೆಗಳಿಗೆ ಬೇಕಾದ ಜೀವ. ಬಂಡೆಯ ಮೇಲೆ, ಮರದ ತೊಗಟೆಯ ಮೇಲೆ ಬೂದಿ ಬಣ್ಣದ ಹಕ್ಕಳೆಯಂತೆ ಅಂಟಿಕೊಂಡಿರುವುದು ಕಲ್ಲುಹೂವು. ಅಡುಗೆಯ ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟರೇ ಇವು. ಒಂದು ಶಿಲೀಂಧ್ರ, ಒಂದು ಪಾಚಿ ಕೂಡಿ ಸಂಸಾರ ಹೂಡಿದರೆ ಕಲ್ಲುಹೂವು.

ಇನ್ನು ಗೋಡೆಯ ಮೇಲಿನ ಮಖಮಲ್ಲು. ಅದು ಹಾವಸೆ.

"ಹಾವಿನ ಹಾಸಿಗೆನಾ?" ಎಂದು ಮೊಮ್ಮಗಳು ಎರಡು ಹೆಜ್ಜೆ ಹಿಂದೆ ಸರಿದಳು.

ಹಾವಿಗೂ ಅದಕ್ಕೂ ಸಂಬಂಧವಿಲ್ಲ ಮಕ್ಕಳೇ. ಭೂತಗನ್ನಡಿ ಹಿಡಿದು ನೋಡಿದರೆ ಅದು ಮಖಮಲ್ಲಲ್ಲ, ಕಾಡು. ಅಕ್ಕಿಕಾಳಿನಷ್ಟೆತ್ತರದ ನೂರಾರು ಗಿಡಗಳು ಒತ್ತೊತ್ತಾಗಿ ನಿಂತಿವೆ. ಒಂದೊಂದಕ್ಕೂ ಕಾಂಡವಿದೆ, ಸುತ್ತ ನಕ್ಷತ್ರದ ಹಾಗೆ ಎಲೆಗಳಿವೆ. ಬೇರು ಮಾತ್ರ ಇಲ್ಲ. ಬೇರಿನ ಬದಲು ಕೂದಲಿನಂಥ ಎಳೆಗಳಿದ್ದು, ಅವು ಹಿಡಿದುಕೊಳ್ಳುವುದಕ್ಕೆ ಮಾತ್ರ. ನೀರು ಕುಡಿಯುವುದು ಎಲೆಯ ಮೈಯಿಂದಲೇ. ಹೂವಿಲ್ಲ, ಬೀಜವಿಲ್ಲ. ಕೆಲವು ಹಾವಸೆಗಳು ದಾರದಂಥ ಕಡ್ಡಿ ಎತ್ತಿ ಅದರ ತುದಿಯಲ್ಲಿ ಪುಟ್ಟ ಡಬ್ಬಿ ಹಿಡಿಯುತ್ತವೆ. ಮುಚ್ಚಳ ಬಿದ್ದ ಮೇಲೆ ಅದರೊಳಗಿನ ಬೀಜಕಗಳು ಗಾಳಿಯಲ್ಲಿ ತೂರಿಹೋಗುತ್ತವೆ. ಪಿ.ಯು.ಸಿ. ಪುಸ್ತಕದಲ್ಲಿ ಫ್ಯುನೇರಿಯಾ ಎಂಬ ಹೆಸರಿನಲ್ಲಿ ಈ ಚಿತ್ರ ಇರುತ್ತದೆ, ಅಣ್ಣ ಅಕ್ಕಂದಿರನ್ನು ಕೇಳಿ. ಮೊದಲು ನೀರಲ್ಲೇ ಇದ್ದ ಸಸ್ಯಕುಲ ಸುಮಾರು 47 ಕೋಟಿ ವರ್ಷಗಳ ಹಿಂದೆ ನೆಲಕ್ಕೆ ಹತ್ತಿದಾಗ, ಆ ಮೊದಲಿಗರು ಹೆಚ್ಚುಕಡಿಮೆ ಇವುಗಳ ಬಳಗದವರೇ. ಡೈನೋಸಾರ್ ಹುಟ್ಟಲು ಆಗಿನ್ನೂ ಇಪ್ಪತ್ತು ಕೋಟಿ ವರ್ಷಗಳಿಗಿಂತ ಹೆಚ್ಚು ಬಾಕಿ ಇತ್ತು. ಇಷ್ಟು ಹಳೇ ಮನೆತನದವರು ನಮ್ಮ ತೊಟ್ಟಿಯ ಹಿಂದೆ ಸದ್ದಿಲ್ಲದೆ ಕೂತಿದ್ದರು!

ಮೇಷ್ಟ್ರು ನಮ್ಮ ಸಂದಿಯಲ್ಲಿ ಉಳಿದದ್ದನ್ನು ನೋಡಿ, ಇದರಲ್ಲಿ ಎರಡು ಬಗೆ ಇರಬಹುದು, ಖಚಿತವಾಗಿ ಹೇಳಲು ಸೂಕ್ಷ್ಮದರ್ಶಕ ಬೇಕು ಅಂದರು. ಒಂದು ಚೂರು ಕಾಗದದಲ್ಲಿ ಸುತ್ತಿ ಒಯ್ದು ವಾರದ ಮೇಲೆ ಹೆಸರು ಹೇಳಿದರು. ಗೋಡೆ, ಇಟ್ಟಿಗೆ, ಸುಣ್ಣದ ಗಾರೆಯೆಂದರೆ ಪ್ರಾಣ ಬಿಡುವುದು ಹಯೋಫಿಲಾ ಇನ್ವೊಲ್ಯೂಟಾ. ಇನ್ನೊಂದು ಬ್ರಯಮ್ ಅರ್ಜೆಂಟಿಯಮ್. ಅರ್ಜೆಂಟಮ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಬೆಳ್ಳಿ. ಇದರ ಎಲೆಯ ತುದಿಗಳಲ್ಲಿ ಹಸಿರು ಬಣ್ಣದ ಪತ್ರಹರಿತ್ತು ಇರುವುದಿಲ್ಲ, ಹಾಗಾಗಿ ದೂರದಿಂದ ಬೆಳ್ಳಿ ಪುಡಿ ಉದುರಿಸಿದಂತೆ ಕಾಣುತ್ತದೆ. ಜಗತ್ತಿನ ಎಷ್ಟೋ ನಗರಗಳ ಫುಟ್‌ಪಾತಿನ ಸಂದಿಯಲ್ಲಿ ಇದೇ ಬೆಳ್ಳಿ ಹಾವಸೆ ಇದೆಯಂತೆ, ಅಂಟಾರ್ಕ್ಟಿಕಾದಲ್ಲೂ ಇದೆಯಂತೆ. ಪಾಸ್‌ಪೋರ್ಟ್ ಇಲ್ಲದ ನನ್ನ ಹಿತ್ತಲಿಗೆ ಇಂಥ ದೇಶಾಂತರದ ನೆಂಟಸ್ತಿಕೆ.

ಆಮೇಲೆ ಅವರು ಒಂದು ಆಟ ತೋರಿಸಿದರು. ಇದನ್ನು ನೀವೂ ಮನೆಯಲ್ಲಿ ಆಡಬಹುದು. ಗೋಡೆಯ ಮೇಲೆ ಒಣಗಿ ಕಂದಾಗಿ, ಸತ್ತೇ ಹೋದಂತೆ ಕಾಣುವ ಹಾವಸೆಯ ಜಾಗ ಹುಡುಕಿ. ಎಲೆಗಳೆಲ್ಲ ಒಳಕ್ಕೆ ಸುರುಳಿ ಸುತ್ತಿಕೊಂಡಿರುತ್ತವೆ. ಇನ್ವೊಲ್ಯೂಟಾ ಎಂದರೆ ಅದೇ, ಒಳಸುತ್ತಿಕೊಂಡದ್ದು. ಬೆರಳ ತುದಿಯಿಂದ ಒಂದೇ ಒಂದು ಹನಿ ನೀರು ಬಿಟ್ಟು ಕಣ್ಣು ಹತ್ತಿರ ತಂದು ಎಣಿಸಿ. ಇಪ್ಪತ್ತು, ಮೂವತ್ತು ಎಣಿಸುವಷ್ಟರಲ್ಲಿ ಸುರುಳಿ ಬಿಚ್ಚಿ ಎಲೆ ಅಗಲವಾಗಿ, ಕಂದು ಹೋಗಿ ಹಸಿರು ಬರುತ್ತದೆ. ಮೊಮ್ಮಗಳು ಮೊದಲ ಸಲ ನೋಡಿದಾಗ ಕಿರುಚಿಕೊಂಡ ಸದ್ದಿಗೆ ಸೊಸೆ ಸೌಟು ಹಿಡಿದೇ ಓಡಿಬಂದಳು. ಮತ್ತೆ ಯಾರೋ ಬಿದ್ದರು ಅಂತ ತಿಳಿದಿದ್ದಳು, ಪಾಪ.

ಈ ವಿದ್ಯೆ ಗೊತ್ತಿಲ್ಲದಿದ್ದರೆ ಹಾವಸೆ ನಮ್ಮೂರಲ್ಲಿ ಬದುಕುವುದೇ ಸಾಧ್ಯವಿರಲಿಲ್ಲ. ದಾವಣಗೆರೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ರಿಂದ 650 ಮಿಲಿಮೀಟರ್. ಆಗುಂಬೆಯಲ್ಲಿ 7,000 ಮಿಲಿಮೀಟರ್ ದಾಟುತ್ತದೆ. ಮಲೆನಾಡಿನ ಹಾವಸೆ ಮರದಿಂದ ಗಡ್ಡದ ಹಾಗೆ ಜೋತಾಡುತ್ತದೆ, ನಮ್ಮದು ಗೋಡೆಗೆ ಕಚ್ಚಿಕೊಂಡು ಕುಳ್ಳಗಿರುತ್ತದೆ. ತುಂಗಾ ಭದ್ರಾ ಎರಡೂ ಮಲೆನಾಡಲ್ಲಿ ಹುಟ್ಟಿ, ಕೂಡ್ಲಿಯಲ್ಲಿ ಸೇರಿ ಹರಿಹರಕ್ಕೆ ಬರುತ್ತವೆ ನಿಜ, ಆದರೆ ಹೊಳೆ ಬಂದ ಮಾತ್ರಕ್ಕೆ ಮಲೆನಾಡಿನ ಗಾಳಿ ಅದರ ಜೊತೆ ಬರುವುದಿಲ್ಲವಲ್ಲ. ಅದಕ್ಕೇ ಪ್ರವಾಸ ಹೋದಾಗ ಕಾಡಿನ ಹಾವಸೆಯನ್ನು ಕಿತ್ತು ತರಬೇಡಿ. ತಂದರೂ ಬೇಸಿಗೆ ದಾಟುವುದು ಕಷ್ಟ, ಕಿತ್ತ ಜಾಗ ಮತ್ತೆ ತುಂಬಲು ವರ್ಷಗಟ್ಟಲೆ ಬೇಕು. ನಮ್ಮ ಮನೆಗೆ ಒಗ್ಗುವ ಹಾವಸೆ ನಮ್ಮ ಮನೆಯ ಸುತ್ತಲೇ ಇರುತ್ತದೆ.

ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ನಾನೂ ಕೇಳಿದ್ದೆ ಅನ್ನಿ. ನರ್ಸರಿಯ ಹುಡುಗನಿಗೆ "ಮಾಸ್ ಐತೇನಪ್ಪ" ಎಂದರೆ ಸಂತೋಷದಿಂದ ಮಾಸ್ ರೋಸ್ ಸಸಿ ತಂದುಕೊಟ್ಟ. ಬಣ್ಣಬಣ್ಣದ ಟೇಬಲ್ ರೋಸ್ ಅದು, ಬಿಸಿಲಲ್ಲಿ ಅರಳುವ ಹೂವು. ಹಾವಸೆಗೂ ಅದಕ್ಕೂ ಹೆಸರಿನ ನಂಟು ಬಿಟ್ಟರೆ ಏನಿಲ್ಲ. ಇನ್ನೊಂದು ಅಂಗಡಿಯಲ್ಲಿ ಒಣ ಹುಲ್ಲಿನಂಥ ಸ್ಫ್ಯಾಗ್ನಮ್ ಪೊಟ್ಟಣ ತೋರಿಸಿದರು. ತನ್ನ ತೂಕದ ಹಲವು ಪಟ್ಟು ನೀರು ಹೀರುವ ಹಾವಸೆಯದು. ಮೊದಲ ಮಹಾಯುದ್ಧದಲ್ಲಿ ಹತ್ತಿ ಸಾಲದೆ ಬಂದಾಗ ಗಾಯಾಳು ಸೈನಿಕರಿಗೆ ಅದರ ಪಟ್ಟಿ ಕಟ್ಟಿದ್ದರಂತೆ. ಹತ್ತಿ ಗಿರಣಿಗಳಿಂದಲೇ ಹೆಸರಾದ ಊರಿನವಳಾದ ನನಗೆ ಆ ಮಾತು ಕೇಳಿ ತಮಾಷೆಯೆನಿಸಿತು. ಆದರೆ ಅದು ತಂಪು ಜೌಗಿನ ಗಿಡ. ಆರ್ಕಿಡ್ ಕುಂಡಕ್ಕೆ ಸರಿ, ನಮ್ಮ ಗೋಡೆಗೆ ಅಲ್ಲ.

ಈಗ ಜಾರಿದ ಕತೆಗೆ ಬರೋಣ. ಚಪ್ಪಡಿ ಕಲ್ಲಿನ ಮೇಲೆ ಪಾಚಿ ಯಾಕೆ ಬಂತು? ಮೇಷ್ಟ್ರು ಕಲ್ಲು ನೋಡಲಿಲ್ಲ, ಮೇಲಿನ ನಲ್ಲಿ ನೋಡಿದರು. ಟಪ್ ಟಪ್ ಎಂದು ಸೋರುತ್ತಿತ್ತು. ಬಟ್ಟೆ ಒಗೆದ ಸಬಕಾರದ ನೀರೂ ಅದೇ ಕಲ್ಲಿನ ಮೇಲೆ ಹಾದು ಮೋರಿಗೆ ಹೋಗುತ್ತಿತ್ತು. ಸದಾ ಹಸಿ, ಮೇಲಿಂದ ಸಬಕಾರದ ಗೊಬ್ಬರ, ಪಾಚಿಗೆ ಇದಕ್ಕಿಂತ ಹಬ್ಬ ಬೇಕೆ? ನಲ್ಲಿಗೆ ಹೊಸ ವಾಷರ್ ಹಾಕಿಸಿದೆವು, ನೀರು ಹೋಗಲು ಕಲ್ಲಿನ ಪಕ್ಕದಲ್ಲಿ ಸಣ್ಣ ಕಾಲುವೆ ತೆಗೆಸಿದೆವು. ಕಲ್ಲು ಒಣಗಿತು, ಪಾಚಿ ಮತ್ತೆ ಬರಲಿಲ್ಲ. ನನ್ನ ಕೈ ಮುರಿದದ್ದು ಒಂದು ಪುಟ್ಟ ರಬ್ಬರ್ ವಾಷರು. ಅಷ್ಟು ದಿನ ನಲ್ಲಿ ಸೋರುವುದನ್ನು ದಿನಾ ನೋಡುತ್ತಿದ್ದವಳು ನಾನೇ, ಯಾರಿಗೂ ಹೇಳಿರಲಿಲ್ಲ. ಮಗನಿಗೆ ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಅವನ ಇನ್ನೊಂದು ಭಯ ಗೋಡೆ ಹಾಳಾಗುತ್ತದೆ ಎಂಬುದು. ಗೋಡೆ ಸೀಳುವುದು ಅರಳಿ ಸಸಿ. ಅದರ ಬೇರಿಗೆ ಆ ಶಕ್ತಿಯಿದೆ, ಕಂಡ ತಕ್ಷಣ ಕೀಳಬೇಕು. ಹಾವಸೆಗೆ ಬೇರೇ ಇಲ್ಲದ ಮೇಲೆ ಸೀಳುವುದೆಲ್ಲಿಂದ? ಆದರೂ ಅದು ತೇವ ಹಿಡಿದಿಡುತ್ತದೆ. ಆದ್ದರಿಂದ ಮಲಗುವ ಮನೆಯ ಗೋಡೆಗೆ ಬೇಡ, ತಾರಸಿಗೆ ಬೇಡ. ಅಲ್ಲಿ ಹಾವಸೆ ಬಂದರೆ ಎಲ್ಲೋ ನೀರು ಸೋರುತ್ತಿದೆ ಎಂದು ಅದು ಹೇಳಿದ ಚಾಡಿ ಎಂದು ತಿಳಿದು ರಿಪೇರಿ ಮಾಡಿಸಬೇಕು. ಹಳೇ ದೇವಸ್ಥಾನದ ಕಲ್ಲಿನ ಮೇಲೂ ಬೆಳೆಸುವ ಉಪಕಾರ ಬೇಡ, ಕೆರೆಯುವ ಉಪಕಾರವೂ ಬೇಡ. ನಮ್ಮ ಹರಿಹರೇಶ್ವರನ ಗುಡಿ ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು, ಬಳಪದ ಕಲ್ಲಿನದು. ಅಂಥ ಮೆದು ಕಲ್ಲನ್ನು ಏನು ಮಾಡಬೇಕೆಂದು ತಿಳಿದವರು ಬೇರೆ ಇದ್ದಾರೆ. ನಮಗೆ ನಮ್ಮ ಕಾಂಪೌಂಡ್ ಗೋಡೆ ಸಾಕು.

ಬೆಳೆಸುವ ಪ್ರಯತ್ನದಲ್ಲಿ ನಾವು ಮಾಡಿಕೊಂಡ ಫಜೀತಿಯನ್ನೂ ಹೇಳಬೇಕು. ಮಾರನೇ ವರ್ಷ ಜೂನಿನಲ್ಲಿ ಸೊಸೆ ಮೊಬೈಲಿನಲ್ಲಿ ಏನೋ ನೋಡಿ, ಹಾವಸೆಯ ಚೂರನ್ನು ಮಜ್ಜಿಗೆಯಲ್ಲಿ ಅರೆದು ಗೋಡೆಗೆ ಬಳಿದರೆ ಬೇಗ ಬರುತ್ತದಂತೆ ಅಂದಳು. ಬೆಣ್ಣೆ ದೋಸೆಯ ಊರಲ್ಲಿ ಮಜ್ಜಿಗೆಗೇನು ಬರ? ಒಂದು ಚರಿಗೆ ತುಂಬ ಕಲಸಿ, ಮೊಮ್ಮಗಳು ಪೇಂಟಿಂಗ್ ಬ್ರಷ್ಷಿನಲ್ಲಿ ಗೋಡೆಗೆ ಬಳಿದಳು. ಮೂರನೇ ದಿನಕ್ಕೆ ಹುಳಿ ವಾಸನೆ, ಐದನೇ ದಿನಕ್ಕೆ ಬೂದಿ ಬಣ್ಣದ ಬೂಷ್ಟು, ಜೊತೆಗೆ ಇರುವೆ ಸಾಲು. ಪಕ್ಕದ ಮನೆಯ ಬೆಕ್ಕು ಗೋಡೆ ನೆಕ್ಕುತ್ತ ಕೂತಿತ್ತು. ಮೇಷ್ಟ್ರು ನಕ್ಕರು. ಹಾವಸೆ ತನ್ನ ಅನ್ನವನ್ನು ಬೆಳಕಿನಿಂದ ತಾನೇ ಬೇಯಿಸಿಕೊಳ್ಳುತ್ತದೆ, ಮಜ್ಜಿಗೆ ಬೇಕಾದದ್ದು ಬೂಷ್ಟಿಗೆ ಎಂದರು. ಅದೇ ಮಳೆಗಾಲದಲ್ಲಿ, ನಾವು ಏನೂ ಬಳಿಯದ ಜಾಗದಲ್ಲಿ, ಸಜ್ಜದಿಂದ ನೀರು ತೊಟ್ಟಿಕ್ಕುವ ಗೆರೆಯುದ್ದಕ್ಕೂ ಮೊದಲು ತೆಳು ಹಸಿರು, ಆಮೇಲೆ ಬೆಳ್ಳಿ, ಕೊನೆಗೆ ಮಖಮಲ್ಲು ತಾನಾಗಿ ಬಂತು. ಮಗ ಆ್ಯಸಿಡ್ ಹಾಕಿ ತಿಕ್ಕಿದ್ದರಿಂದ ಸಿಮೆಂಟು ತರಿತರಿಯಾಗಿ ಅದಕ್ಕೆ ಕಾಲೂರಲು ಇನ್ನೂ ಅನುಕೂಲವೇ ಆಗಿತ್ತು!

ಹಾಗಾದರೆ ನಾವು ಮಾಡಬೇಕಾದದ್ದೇನು? ಹೆಚ್ಚೇನಿಲ್ಲ, ಬಹಳಷ್ಟು ಮಾಡದಿರುವುದೇ. ಉತ್ತರದ ಕಡೆಯ, ಮಧ್ಯಾಹ್ನದ ಬಿಸಿಲು ತಾಗದ ಗೋಡೆಯೋ ಇಟ್ಟಿಗೆಯೋ ಒಡಕು ಹೆಂಚೋ ಇರಲಿ. ಅಲ್ಲಿ ಗೊಬ್ಬರ ಹಾಕಬಾರದು, ಮಣ್ಣು ಕೆದಕಬಾರದು. ನಡುವೆ ಹುಲ್ಲು ಹುಟ್ಟಿದರೆ ಒಂದು ಬೆರಳಿಂದ ಹಾವಸೆಯನ್ನು ಒತ್ತಿ ಹಿಡಿದು ಇನ್ನೊಂದು ಕೈಯಿಂದ ಹುಲ್ಲು ಕೀಳಬೇಕು. ಉದುರಿದ ಎಲೆಗಳು ಮುಚ್ಚಿಕೊಂಡರೆ ಮೆತ್ತನೆ ಬ್ರಷ್ಷಿನಿಂದ ಗುಡಿಸಬೇಕು. ಮಳೆ ಕೈಕೊಟ್ಟಾಗ ಮಳೆನೀರು ಹಿಡಿದಿಟ್ಟದ್ದನ್ನು ಸಂಜೆ ಸಿಂಪಡಿಸಿದರೆ ಸಂತೋಷ. ನಮ್ಮ ಬೋರ್ ನೀರು ಗಡಸು, ಹಾಕುತ್ತ ಬಂದರೆ ಬಿಳಿ ಉಪ್ಪು ಕಟ್ಟುತ್ತದೆ. ಹಾವಸೆಗೆ ನಿಂತ ನೀರು ಬೇಕಿಲ್ಲ, ತಟ್ಟೆ ಬಟ್ಟಲುಗಳಲ್ಲಿ ನೀರು ನಿಲ್ಲಿಸಿದರೆ ಬರುವುದು ಸೊಳ್ಳೆ ಮಾತ್ರ. ಮತ್ತೆ, ನಡೆಯುವ ದಾರಿಯಲ್ಲಿ ಹಾವಸೆಯನ್ನೂ ಬಿಡಬೇಡಿ. ಲೋಳೆಯಿಲ್ಲದಿದ್ದರೂ ಒದ್ದೆಯಾದಾಗ ಅದೂ ಕಾಲಡಿ ಕಳಚಿ ಬರುತ್ತದೆ. ಅಜ್ಜ ಅಜ್ಜಿಯರ ಮೂಳೆಯ ಮುಂದೆ ಯಾವ ಹಸಿರೂ ದೊಡ್ಡದಲ್ಲ.

ಬೇಸಿಗೆಯಲ್ಲಿ ಅದನ್ನು ಒಣಗಲು ಬಿಡಬೇಕು ಎಂಬುದನ್ನು ನಾವು ಒಂದು ತೇಪೆ ಹಾವಸೆ ಕಳೆದುಕೊಂಡು ಕಲಿತೆವು. ಏಪ್ರಿಲ್ ರಜೆಯಲ್ಲಿ ಮೊಮ್ಮಗಳಿಗೆ ಕರುಣೆ ಉಕ್ಕಿ, ದಿನಾ ಮಧ್ಯಾಹ್ನ ಎರಡು ಹನಿ ನೀರು ಬಿಟ್ಟು ಎಲೆ ಅರಳುವುದನ್ನು ನೋಡುತ್ತಿದ್ದಳು. ಅರಳಿದ ಹತ್ತೇ ನಿಮಿಷಕ್ಕೆ ಬಿಸಿಲು ಮತ್ತೆ ಒಣಗಿಸುತ್ತಿತ್ತು. ಏಳಲೂ ಶಕ್ತಿ ಬೇಕಲ್ಲ? ಎದ್ದು ಅನ್ನ ಬೇಯಿಸಿಕೊಳ್ಳುವ ಮೊದಲೇ ಮತ್ತೆ ಮಲಗಿಸಿದರೆ ಕೂಡಿಟ್ಟದ್ದೆಲ್ಲ ಖರ್ಚಾಗುತ್ತದೆ. ಆ ತೇಪೆ ಜೂನಿನ ಮಳೆಗೂ ಏಳಲಿಲ್ಲ. ಅವಳು ಅತ್ತಳು. ನಿದ್ದೆ ಮಾಡುವವರನ್ನು ಎಬ್ಬಿಸಬಾರದು ಅಂತ ನನಗೆ ಮಾತ್ರ ಯಾವಾಗಲೂ ಹೇಳ್ತೀಯಲ್ಲ ಅಂತ ನಾನು ರೇಗಿಸಿದ್ದು ತಪ್ಪಾಯಿತು.

ಅವಳ ಇನ್ನೊಂದು ಸಂಶೋಧನೆ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನಡೆಯಿತು. ಒದ್ದೆ ಹಾವಸೆ ಹಿಂಡಿದ ನೀರಲ್ಲಿ ಜಲಕರಡಿ ಎಂಬ ಪ್ರಾಣಿ ಸಿಗಬಹುದು, ಮಿಲಿಮೀಟರಿನ ಅರ್ಧವೂ ಇರದ ಮೈ, ಎಂಟು ಕಾಲು. 2007ರಲ್ಲಿ ವಿಜ್ಞಾನಿಗಳು ಅದನ್ನು ಬಾಹ್ಯಾಕಾಶಕ್ಕೆ ಒಯ್ದು ಬಯಲಿಗೊಡ್ಡಿದರೂ ಕೆಲವು ಬದುಕಿ ಬಂದವು. ಇದನ್ನು ಕೇಳಿದ್ದೇ ತಡ, ತರಗತಿಯ ಅರ್ಧ ಮಕ್ಕಳು ಹಾವಸೆ ಹಿಂಡಿಕೊಂಡು ಬಂದರಂತೆ. ಇವಳ ಗಾಜಿನಲ್ಲಿ ಕರಡಿ ಸಿಗಲಿಲ್ಲ, ದಾರದಂಥ ಒಂದು ಹುಳ ಸಿಕ್ಕಿತು. ಸಂಜೆ ಮನೆಗೆ ಬಂದು ಅದು ಹೇಗೆ ಕುಣಿಯುತ್ತಿತ್ತೆಂದು ಹಾಲಿನಲ್ಲಿ ಕುಣಿದು ತೋರಿಸಿದಳು.

ಆ ವರ್ಷದ ಕಾರ್ತಿಕದಲ್ಲಿ ಹರಿಹರದಿಂದ ಅಣ್ಣನ ಮಗ ಫೋನ್ ಮಾಡಿದ. ಹಳೇ ಮನೆ ಮಾರಾಟವಾಗಿದೆ, ತಗೊಂಡವರು ಕೆಡವಿ ಹೊಸದು ಕಟ್ಟುತ್ತಾರೆ, ಬಾವಿ ಮುಚ್ಚುತ್ತಾರೆ, ಏನಾದರೂ ಬೇಕಿದ್ದರೆ ಬಂದು ತಗೊಂಡು ಹೋಗು ಅತ್ತೆ ಅಂದ. ಹೋದೆ. ಒನಕೆ, ಬೀಸುವ ಕಲ್ಲು, ತಾಮ್ರದ ಹಂಡೆ ಎಲ್ಲ ಆಗಲೇ ಹಂಚಿಹೋಗಿದ್ದವು. ಬಾವಿಕಟ್ಟೆಯ ಸಡಿಲಾದ ಒಂದು ಇಟ್ಟಿಗೆ ಸಾಕು ಅಂದೆ. ಅತ್ತೆಗೆ ವಯಸ್ಸಾಯಿತು ಎಂಬಂತೆ ನೋಡಿ, ಎತ್ತಿಕೊಟ್ಟ. ಒದ್ದೆ ಪೇಪರಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ 14 ಕಿಲೋಮೀಟರ್ ಬಂದೆ. ಕಂಡಕ್ಟರ್ "ಏನವ್ವಾ ಅದು, ಪ್ರಸಾದಾನಾ?" ಎಂದು ಕೇಳಿದ. ಹೂಂ ಅಂದೆ.

ಇಟ್ಟಿಗೆಯನ್ನು ತೊಟ್ಟಿಯ ಹಿಂದಿನ ನೆರಳಲ್ಲಿ ಇಟ್ಟೆ. ಮೇಷ್ಟ್ರಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಒಂದು ಚೂರು ಒಯ್ದು, ಮಾರನೆ ದಿನ ಬಂದರು. "ಅದೇ ಹಯೋಫಿಲಾ. ನಿಮ್ಮ ಗೋಡೆಯ ಮೇಲಿರೋದೇ" ಅಂದರು. ನಲವತ್ತೈದು ವರ್ಷ ನನ್ನ ಕಣ್ಣೆದುರು, ನನ್ನದೇ ಹಿತ್ತಲಲ್ಲಿ ಅವ್ವನ ಬಾವಿಕಟ್ಟೆಯ ಹಸಿರೇ ಇತ್ತು. ಪ್ರತಿ ದೀಪಾವಳಿಗೆ ಸುಣ್ಣ ಹೊಡೆಸುವ ಮುಂಚೆ ಆಳಿಗೆ ಹೇಳಿ ನಾನೇ ಕೆರೆಸುತ್ತಿದ್ದೆ. ಆ ಮಾತು ಕೇಳಿ ನಗಬೇಕೋ ಅಳಬೇಕೋ ತಿಳಿಯದೆ, ಮೇಷ್ಟ್ರಿಗೆ ಕಾಫಿ ತರುತ್ತೇನೆಂದು ಒಳಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಮಗ ಯಾವಾಗ ಮೆತ್ತಗಾದನೋ ಗೊತ್ತಿಲ್ಲ. ಒಂದು ಭಾನುವಾರ ಮೇಸ್ತ್ರಿಯನ್ನು ಕರೆಸಿ, ಬಾಗಿಲಿನಿಂದ ಹಿತ್ತಲ ಕೊನೆಯವರೆಗೂ ನುಣುಪು ಕಲ್ಲು ತೆಗೆಸಿ ಒರಟು ಕಲ್ಲು ಹಾಸಿಸಿದ. ಪಕ್ಕದಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಪೈಪು ನೆಡಿಸಿದ. ದಾರಿ ಬಿಸಿಲಿಗೆ ಬೀಳಲೆಂದು ಕರಿಬೇವಿನ ಒಂದು ಕೊಂಬೆ ಕಡಿಸಿದ, ಅದಕ್ಕೆ ನಾನು ಒಂದು ದಿನ ಮಾತು ಬಿಟ್ಟೆ. ಸಂಜೆ ಏನೂ ಹೇಳದೆ ತುಳಸಿ ಕುಂಡ ಎತ್ತಿಕೊಂಡು ಹೋಗಿ ಹಳೇ ಜಾಗದಲ್ಲಿಟ್ಟ. "ಪೈಪು ಹಿಡ್ಕೊಂಡೇ ಹೋಗಬೇಕು" ಅಂದ. ಹಿಡಿದುಕೊಂಡೇ ಹೋಗುತ್ತೇನೆ, ಅವನು ನೋಡುತ್ತಿದ್ದಾಗಂತೂ ಖಂಡಿತ.

ಕಳೆದ ಬೇಸಿಗೆಯಲ್ಲಿ ಇಟ್ಟಿಗೆ ಪೂರ್ತಿ ಕಂದಾಗಿ, ಸೊಸೆ ಅದನ್ನು ಕಸದ ಗಾಡಿಗೆ ಹಾಕಲು ಕೈಗೆತ್ತಿಕೊಂಡಿದ್ದಳು, ಮೊಮ್ಮಗಳು ಓಡಿಬಂದು ಕಸಿದುಕೊಂಡಳು. ಜೂನಿನ ಎರಡನೇ ಮಳೆಗೆ ಅದು ಹಸಿರಾಯಿತು. ಜಪಾನಿನ ಕ್ಯೋಟೋದಲ್ಲಿ ಸೈಹೋಜಿ ಎಂಬ ಬೌದ್ಧ ಗುಡಿಯ ತೋಟದಲ್ಲಿ ಸುಮಾರು 120 ಬಗೆಯ ಹಾವಸೆಗಳಿವೆಯಂತೆ, ನೈನಿತಾಲದ ಹತ್ತಿರ ಖುರ್ಪಾತಾಲದಲ್ಲಿ 2020ರಲ್ಲಿ ಹಾವಸೆಗೆಂದೇ ಒಂದು ಉದ್ಯಾನ ತೆರೆದಿದ್ದಾರಂತೆ. ಮೊಮ್ಮಗಳು ದೊಡ್ಡವಳಾಗಿ ಎರಡನ್ನೂ ನೋಡಿ ಬರುತ್ತಾಳಂತೆ. ನನ್ನನ್ನೂ ಕರೆದುಕೊಂಡು ಹೋಗುತ್ತಾಳಂತೆ. ಅಲ್ಲಿಯ ಮೆಟ್ಟಿಲಿಗೆ ಪೈಪು ಇದೆಯೋ ಇಲ್ಲವೋ ವಿಚಾರಿಸು ಅಂದಿದ್ದೇನೆ.

ಈಗ ಮೇ ತಿಂಗಳು. ನಮ್ಮ ಹಿತ್ತಲಲ್ಲಿರುವುದು ಎರಡೇ ಬಗೆ, ಎರಡೂ ಮಲಗಿವೆ. ಗೋಡೆ ಕಂದು, ಇಟ್ಟಿಗೆ ಕಂದು. ಎಂಟನೇ ತರಗತಿಗೆ ಹೋಗಲಿರುವ ಹುಡುಗಿ ದಿನಾ ಬೆಳಿಗ್ಗೆ ಹೋಗಿ ನೋಡುತ್ತಾಳೆ, ನೀರು ಹಾಕುವುದಿಲ್ಲ. ಸೊಸೆ ಈ ವರ್ಷ ಇಟ್ಟಿಗೆಯನ್ನು ಎಸೆಯುತ್ತೇನೆಂದು ಅಂದಿಲ್ಲ. ನಿನ್ನೆ ಸಂಜೆ ಬಾತಿ ಗುಡ್ಡದ ಕಡೆ ಒಂದಿಷ್ಟು ಮೋಡ ಕಟ್ಟಿತ್ತು, ಗುಡುಗಿತು, ಆದರೆ ಮಳೆ ಬರಲಿಲ್ಲ.